ಬ್ರೆಡ್ಡಿನಿಂದ ಅಳಿಸಿದ ಕುರಿಗಾಹಿ

ಅಳಿಸಿ ಹಾಕಿದ ಮನುಷ್ಯ ಮತ್ತೆ ಕಾಣಿಸಿಕೊಂಡದ್ದು ಫೆಬ್ರವರಿಯ ಮೊದಲ ವಾರದಲ್ಲಿ, ಅದೂ ಕಾಲಿನ ಕಡೆಯಿಂದ. ಚಿತ್ರದ ಹುಲ್ಲುಗುಡ್ಡದ ನೆತ್ತಿಯಲ್ಲಿ, ಬರೀ ಕಾಗದ ಇರಬೇಕಾದ ಜಾಗದಲ್ಲಿ, ಎರಡು ಕಂದು ಗೆರೆ. ಅಂಬ್ರೋಸ್ ವೆರಲ್ ಅದನ್ನು ನೊಣದ ಕೆಲಸ ಅಂದುಕೊಂಡ. ಫೆಬ್ರವರಿಯ ಚಳಿಯಲ್ಲಿ ನೊಣ ಎಲ್ಲಿಂದ ಬರಬೇಕು? ಆದರೂ ಹಾಗೇ ಅಂದುಕೊಂಡ, ಯಾಕೆಂದರೆ ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಹತ್ತು ದಿನದಲ್ಲಿ ಕಾಲಿನ ಮೇಲೆ ಮೊಣಕಾಲುದ್ದದ ನಿಲುವಂಗಿ ಬಂತು. ಆಮೇಲೆ ಬೆನ್ನು ಬಂತು, ಅಗಲ ಟೋಪಿ ಬಂತು. ತಿಂಗಳು ಮುಗಿಯುವ ಹೊತ್ತಿಗೆ ಕುರಿಗಾಹಿ ರೂಬೆನ್ ಟಪ್ಪನ್ ಪೂರ್ತಿ ಬಂದು, ಮೊದಲು ನಿಂತಿದ್ದ ಜಾಗದಲ್ಲೇ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದ. ಅವನು ಸತ್ತು ಆಗಲೇ ನಾಲ್ಕು ತಿಂಗಳಾಗಿತ್ತು.

ಇದರಲ್ಲಿ ದೆವ್ವದ ಕೈವಾಡ ಏನಿದೆಯೋ ಗೊತ್ತಿಲ್ಲ, ಬ್ರೆಡ್ಡಿನ ಕೈವಾಡವಂತೂ ಇತ್ತು. ಕರಿ ಬಳಪದ ಗೆರೆ ಅಳಿಸಲು ಚಿತ್ರಗಾರರು ಬಳಸುವುದು ಬ್ರೆಡ್ಡಿನ ತಿರುಳನ್ನು. ಅದು ಹಿಂದಿನ ದಿನದ್ದಾಗಿರಬೇಕು, ಒಣಗಿರಬೇಕು, ಬೆಣ್ಣೆಯ ಸೋಂಕೂ ಇರಬಾರದು. ಇಪ್ಪತ್ತು ವರ್ಷದಿಂದ ಜಮೀನ್ದಾರ ಸರ್ ಗಾಡ್‌ಫ್ರೆಯ ಮನೆಯ ಹೆಣ್ಣುಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಅಂಬ್ರೋಸ್, ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಇದು. ಆದರೆ ಆ ಅಕ್ಟೋಬರ್ ಸಂಜೆ ರೂಬೆನ್ ಸತ್ತ ಸುದ್ದಿ ಕೇಳಿ ಅಳಿಸಲು ಕೂತಾಗ ಅವನಿಗೆ ಸಿಕ್ಕಿದ್ದು ಗುಡ್ಡಕ್ಕೆ ಒಯ್ದಿದ್ದ ಬುತ್ತಿಯಲ್ಲಿ ಉಳಿದಿದ್ದ ತುಂಡು. ಅಕ್ಕ ಡಾರ್ಕಸ್ ಅದಕ್ಕೆ ಹಂದಿಕೊಬ್ಬು ಸವರಿ ಕಟ್ಟಿಕೊಟ್ಟಿದ್ದಳು. ಆ ತುಂಡಿನಲ್ಲೇ ಅವನು ಮನುಷ್ಯನನ್ನು ಉಜ್ಜಿ ತೆಗೆದ. ಸುತ್ತಲಿನ ಹುಲ್ಲು, ಆಕಾಶ, ದೂರದ ಕುರಿಗಳಿಗೆ ಏನೂ ಆಗದ ಹಾಗೆ, ಟೋಪಿಯ ಅಂಚು, ಹೆಗಲು, ಕಾಲು ಎಲ್ಲವನ್ನೂ ನೋಡಿ ನೋಡಿ ಉಜ್ಜಿದ. ಕೊಬ್ಬಿನ ಪಸೆ ಅದೇ ಆಕಾರದಲ್ಲಿ ಕಾಗದಕ್ಕೆ ಇಳಿಯಿತು. ಚಳಿಗಾಲವೆಲ್ಲ ಒಲೆಯ ಇದ್ದಿಲ ಹೊಗೆ ಆ ಪಸೆಯ ಮೇಲೆ ಕೂತಿತು. ಅಷ್ಟು ನಾಜೂಕಾಗಿ ಅಳಿಸದೆ ಒರಟಾಗಿ ಒರೆಸಿದ್ದರೆ ಅದೊಂದು ಕಲೆಯಾಗಿ ಉಳಿಯುತ್ತಿತ್ತೇ ಹೊರತು ಮನುಷ್ಯನಾಗುತ್ತಿರಲಿಲ್ಲ.

“ನಾನು ಕೊಬ್ಬು ಸವರಿ ಕಟ್ಟಿದ್ದು ನೀನು ತಿನ್ನಲಿ ಅಂತ ಕಣೋ, ಕಾಗದಕ್ಕೆ ತಿನ್ನಿಸಲಿ ಅಂತಲ್ಲ,” ಎಂದಳು ಡಾರ್ಕಸ್, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಚಿತ್ರವನ್ನು ನೋಡುತ್ತ. “ಅಷ್ಟು ಚೆನ್ನಾಗಿ ಬರೆದಿದ್ದ ಆಳನ್ನ ಯಾಕೆ ಅಳಿಸಿದೆ ಅಂತ? ಇಡೀ ಚಿತ್ರಕ್ಕೆ ಅವನೇ ಕಳೆ.”

“ಸತ್ತವನು ಅಕ್ಕ. ಸರ್ ಗಾಡ್‌ಫ್ರೆ ಮನೆ ಗೋಡೆ ಮೇಲೆ ಸತ್ತವನು ಯಾಕೆ?”

“ಅವರ ಮನೆ ಗೋಡೆ ತುಂಬ ಇರೋದು ಸತ್ತವರೇ ಅಲ್ವೇನೋ. ಅವರಪ್ಪ, ಅವರಜ್ಜ, ಅವರಜ್ಜನ ಕುದುರೆ.”

ಅಂಬ್ರೋಸ್ ಕರವಸ್ತ್ರ ತೆಗೆದ. ಅವನು ಕೆಟ್ಟವನಲ್ಲ. ಆದರೆ ಧೈರ್ಯ ಬೇಕಾದ ಹೊತ್ತಿಗೆ ಸರಿಯಾಗಿ ಅವನಿಗೆ ನೆಗಡಿ ಬರುತ್ತಿತ್ತು. ನಲವತ್ತಾರು ವರ್ಷದ ಬದುಕಿನಲ್ಲಿ ಅವನು ಹೀಗೆ ಬಹಳ ಸಲ ಹಾಸಿಗೆ ಹಿಡಿದಿದ್ದ. ಈಗಲೂ ಮೂಗು ಒರೆಸಿಕೊಳ್ಳುತ್ತ ಕಿಟಕಿಯತ್ತ ಹೋದ.

ಆ ದಿನ ನಡೆದದ್ದು ಇಷ್ಟು. ಹೋಲ್ಟ್‌ಡೀನ್ ಊರಿನ ಮೇಲಿನ ಗುಡ್ಡ ಸಮುದ್ರದ ಕಡೆ ಥಟ್ಟನೆ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಮುನ್ನೂರು ಅಡಿ ಬಿಳಿ ಸುಣ್ಣದ ಬಂಡೆ, ಅದರ ಬುಡದಲ್ಲಿ ಅಲೆ. ಸರ್ ಗಾಡ್‌ಫ್ರೆ ತನ್ನ ಗುಡ್ಡದ ಚಿತ್ರ ಬೇಕೆಂದಿದ್ದ. ಚೆನ್ನಾಗಿ ಬಂದರೆ ಲಂಡನ್ನಿಗೆ ಒಯ್ದು ಸ್ನೇಹಿತರಿಗೆ ತೋರಿಸುತ್ತೇನೆ ಅಂದಿದ್ದ. ಅಂಬ್ರೋಸ್ ಬೆಳಿಗ್ಗೆಯಿಂದ ಕೂತು ಗುಡ್ಡ ಬರೆದ, ಕುರಿ ಬರೆದ, ಆಕಾಶವನ್ನೂ ಬರೆದ. ಆದರೂ ಏನೋ ಕಮ್ಮಿ ಅನ್ನಿಸಿತು. ನೋಡುವವರ ಕಣ್ಣನ್ನು ಸಮುದ್ರದ ಕಡೆ ಎಳೆಯಲು ಒಬ್ಬ ಮನುಷ್ಯ ಬೇಕಿತ್ತು. ಕುರಿ ಮೇಯಿಸುತ್ತಿದ್ದ ರೂಬೆನ್ ಟಪ್ಪನ್‌ನನ್ನು ಕರೆದು, ಅಂಚಿನಿಂದ ನೂರು ಹೆಜ್ಜೆ ಈಚೆ, ಕುರಿಗೆ ಬೆನ್ನು ಕೊಟ್ಟು ಸಮುದ್ರಕ್ಕೆ ಮುಖ ಮಾಡಿ ನಿಲ್ಲಲು ಹೇಳಿದ. ನಾಯಿ ಮರಿ ಹಾಕಿ ಮನೆಯಲ್ಲಿದ್ದುದರಿಂದ ಅವನ ಜೊತೆ ಅಂದು ಯಾರೂ ಇರಲಿಲ್ಲ. “ಕುರಿ ಕಡೆ ತಿರುಗಿ ನಿಂತರೆ ಆಗಲ್ವಾ ಸ್ವಾಮಿ?” ಎಂದು ಅವನು ಒಮ್ಮೆ ಕೇಳಿದ್ದ. “ಆಗಲ್ಲ. ನಾನು ಹೇಳೋವರೆಗೂ ಅಲ್ಲಾಡಬೇಡ,” ಎಂದಿದ್ದ ಅಂಬ್ರೋಸ್.

ಮೂರು ಗಂಟೆಯ ಹೊತ್ತಿಗೆ ಸಮುದ್ರದಿಂದ ಮಂಜು ಎದ್ದಿತು. ಮನುಷ್ಯನ ಗೆರೆ ಆಗಲೇ ಮುಗಿದಿತ್ತು. ಅಂಬ್ರೋಸ್‌ಗೆ ಬೆರಳು ಮರಗಟ್ಟಿತ್ತು, ಕಾಗದ ತೇವವಾಗುವ ಭಯ ಬೇರೆ. ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಗುಡ್ಡ ಇಳಿಯತೊಡಗಿದ. ಹಿಂದಿನಿಂದ ಮಂಜಿನೊಳಗಿಂದ ಒಂದು ಕೂಗು ಬಂತು. “ಆಯ್ತಾ ಸ್ವಾಮಿ?”

ಅವನಿಗೆ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಉತ್ತರ ಕೊಡಬೇಕಾದರೆ ನಾಲ್ಕು ಹೆಜ್ಜೆ ಮೇಲೆ ಹತ್ತಿ ಕೂಗಬೇಕಿತ್ತು, ಗಂಟಲು ಬೇರೆ ಕಟ್ಟಿತ್ತು. ಮಂಜು ಕಂಡರೆ ಅವನೇ ಬರುತ್ತಾನೆ, ಮಗುವೇ ಅವನು, ಅಂದುಕೊಂಡ. ಇನ್ನೂ ಎರಡು ಸಲ ಕೂಗು ಬಂತು. ಆಮೇಲೆ ಬರಲಿಲ್ಲ.

ನಿಲ್ಲು ಅಂದರೆ ನಿಲ್ಲುವ ಮನುಷ್ಯ ರೂಬೆನ್. ಅವನ ಬೆನ್ನ ಹಿಂದೆ ಕುರಿಗಳು ಮಂಜಿನಲ್ಲಿ ದಿಕ್ಕು ತಪ್ಪಿ ಅಂಚಿನ ಕಡೆ ಹೊರಟವು. ಅವುಗಳ ಗಂಟೆಯ ಸದ್ದು ತಪ್ಪು ಕಡೆಯಿಂದ ಕೇಳಿದ ಮೇಲೆ ಅವನು ಓಡಿರಬೇಕು. ಮರುದಿನ ಬಂಡೆಯ ಬುಡದಲ್ಲಿ ನಲವತ್ತೆರಡು ಕುರಿ ಸಿಕ್ಕಿದವು. ಮನುಷ್ಯ ಸಿಗಲಿಲ್ಲ, ಸಮುದ್ರ ಅವನನ್ನು ಎತ್ತಿಕೊಂಡು ಹೋಗಿತ್ತು. ಮಂಜು ಬಿದ್ದ ದಿನದ ಹಿಂದಿನ ದಿನವಷ್ಟೇ ಕುರಿಸಂತೆ, ಅದರ ಜೊತೆ ಕುಡಿತವೂ ನಡೆದಿದ್ದರಿಂದ ಊರಿನವರಿಗೆ ಕಾರಣ ಹುಡುಕುವ ಕಷ್ಟವೂ ಇರಲಿಲ್ಲ. ಟಪ್ಪನ್ ಕುಡಿದು ಮಲಗಿದ್ದ ಅಂದರು. ಕುರಿಯ ಒಡೆಯನಾಗಿದ್ದ ಗೇಣಿದಾರ ಅಂದ, ಪಾದ್ರಿ ಅಂದ, ಬಾವಿಕಟ್ಟೆಯ ಹೆಂಗಸರೂ ಅಂದರು. ಅಂಬ್ರೋಸ್‌ನನ್ನು ಕೇಳಿದಾಗ, ಮಂಜು ಬರುವ ಮೊದಲೇ ನಾನು ಇಳಿದು ಬಂದಿದ್ದೆ ಅಂದ. ಅವತ್ತು ನಿಜವಾಗಿಯೂ ಅವನಿಗೆ ಜ್ವರ ಬಂದಿತ್ತು.

ಈಗ ಚಿತ್ರದಲ್ಲಿ ಎದ್ದು ನಿಂತವನನ್ನು ಅವನು ಒಣ ಬ್ರೆಡ್ಡಿನಿಂದ ಉಜ್ಜಿ ನೋಡಿದ. ಹೋಗಲಿಲ್ಲ. ಚಾಕುವಿನ ತುದಿಯಿಂದ ಕೆರೆದರೆ ಕಾಗದವೇ ಎದ್ದು ಬರುತ್ತಿತ್ತು. ಬಟ್ಟೆ ಮುಚ್ಚಿಟ್ಟರೆ ಆ ಬಟ್ಟೆಯ ಕೆಳಗೆ ಅವನು ಇನ್ನಷ್ಟು ಕಪ್ಪಾಗುತ್ತಿದ್ದಾನೆ ಎಂದು ತೋರುತ್ತಿತ್ತು. ದಿನಕ್ಕೆ ಹತ್ತು ಸಲ ಬಟ್ಟೆ ಎತ್ತಿ ನೋಡುವುದೇ ಅವನ ಕೆಲಸವಾಯಿತು. ಊಟದ ಮೇಜಿನಲ್ಲಿ, ಪಾಠ ಹೇಳುವಾಗ, ಗಡ್ಡ ಹೆರೆದುಕೊಳ್ಳುವಾಗ, ಹಿಂದಿನಿಂದ ಯಾರೋ ಕೇಳುತ್ತಿದ್ದರು, “ಆಯ್ತಾ ಸ್ವಾಮಿ?” ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಬಹುದಿತ್ತು. ಅದು ಕೆಲಸ ಮುಗಿಯಿತೇ ಎಂದು ಕೇಳುವ ಸಾಧು ಮನುಷ್ಯನ ದನಿ.

ಮಾರ್ಚಿನ ಎರಡನೇ ಮಂಗಳವಾರ ಮಧ್ಯಾಹ್ನ ಡಾರ್ಕಸ್ ಬಾಗಿಲಿನಿಂದಲೇ ಕೂಗಿದಳು. “ಅಂಬ್ರೋಸ್, ಟಪ್ಪನ್ ಹೆಂಡತಿ ಬಂದಿದ್ದಾಳೆ. ನಿನ್ನನ್ನೇ ನೋಡ್ಬೇಕಂತೆ.”

ಕೆಜಾಯಾ ಟಪ್ಪನ್ ಎತ್ತರದ ಹೆಂಗಸು. ಬಾಗಿಲು ದಾಟುವಾಗ ತಲೆ ತಗ್ಗಿಸಿದಳು, ಒಳಗೆ ಬಂದ ಮೇಲೆ ತಗ್ಗಿಸಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸ್ವಾಮಿ, ಒಂದು ಕೇಳ್ಕೊಳ್ಳೋಕೆ ಬಂದೆ. ಆವತ್ತು ನೀವು ಗುಡ್ಡದ ಚಿತ್ರ ಬರೆದ್ರಂತೆ. ಅದ್ರಲ್ಲಿ ನಮ್ಮೋರೂ ಇದಾರಂತೆ.”

“ಯಾರು ಹೇಳಿದ್ದು?” ಎಂದ ಅಂಬ್ರೋಸ್.

“ನಾನೇ ಹೇಳಿದ್ದು,” ಎಂದಳು ಡಾರ್ಕಸ್. “ಬಾವಿ ಹತ್ರ ಸಿಕ್ಕಿದ್ಲು. ಯಾಕೆ, ಹೇಳಬಾರದಿತ್ತಾ?”

ಕೆಜಾಯಾ ಮಡಿಲ ಬಟ್ಟೆಯಿಂದ ಒಂದು ಹಿಡಿ ಉಣ್ಣೆ ತೆಗೆದಳು. ತೊಳೆದು ಬಾಚಿದ ಉಣ್ಣೆ. ಆ ಗುಡ್ಡಗಳಲ್ಲಿ ಕುರಿಗಾಹಿ ಸತ್ತರೆ ಅವನ ಕೈಯಲ್ಲಿ ಇಷ್ಟು ಉಣ್ಣೆ ಇಟ್ಟು ಹೂಳುತ್ತಾರೆ. ಕುರಿಗೆ ಭಾನುವಾರ ಗೊತ್ತಿಲ್ಲ, ಆದ್ದರಿಂದ ಕುರಿಗಾಹಿ ಬದುಕಿಡೀ ಚರ್ಚು ತಪ್ಪಿಸುತ್ತಾನೆ. ಮೇಲೆ ಸ್ವರ್ಗದ ಬಾಗಿಲಲ್ಲಿ ಚರ್ಚಿಗೆ ಯಾಕೆ ಬರಲಿಲ್ಲ ಎಂದು ಕೇಳಿದಾಗ ಕೈ ಬಿಚ್ಚಿ ತೋರಿಸಿದರೆ ಸಾಕು, ಒಳಗೆ ಬಿಡುತ್ತಾರೆ.

“ಅವರ ಕೈ ನಂಗೆ ಸಿಗಲಿಲ್ಲ ಸ್ವಾಮಿ. ಇಡೋಕೆ ಕೈಯೇ ಇಲ್ಲ. ನಿಮ್ಮ ಚಿತ್ರದಲ್ಲಿ ಕೈ ಇದ್ರೆ, ಅದ್ರೊಳಗೆ ಒಂದಿಷ್ಟು ಉಣ್ಣೆ ಬರೆದುಬಿಡಿ. ಇದೇ ಉಣ್ಣೆ ನೋಡಿ ಬರೀರಿ, ಅವರೇ ಕತ್ತರಿಸಿದ್ದು. ಊರೋರು ಕುಡುಕ ಅಂತಾರೆ, ಅನ್ಲಿ. ಮೇಲಿನೋರಿಗಾದ್ರೂ ಸರಿಯಾಗಿ ಗೊತ್ತಾಗ್ಲಿ.”

ಅಂಬ್ರೋಸ್ ಡಾರ್ಕಸ್‌ಳನ್ನು ನೋಡಿದ. ಆಕೆ ಆಗಲೇ ಚಿತ್ರದ ಮೇಲಿನ ಬಟ್ಟೆ ಎತ್ತಿದ್ದಳು.

ಕೆಜಾಯಾ ಬಹಳ ಹೊತ್ತು ನೋಡಿದಳು. ಮೊದಲು ಅವಳ ಮುಖ ಅರಳಿತು. “ಇವರೇ. ಎಡಗಡೆ ಹೆಗಲು ಕೆಳಗೆ ಬಿದ್ದಿದೆ ನೋಡಿ ಅಮ್ಮಾ, ಹುಟ್ಟಿದಾಗಿಂದ ಹಾಗೇ ಅಂತೆ. ಟೋಪಿ ನಂದೇ ಹೊಲಿಗೆ.” ಆಮೇಲೆ ಅವಳು ಚಿತ್ರದ ಕುರಿಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಕುರಿಗಳನ್ನು ನೋಡಿದಳು.

“ಬೆನ್ನು ಯಾಕೆ ತೋರಿಸ್ತಿದಾರೆ?”

“ಏನಮ್ಮ?” ಎಂದ ಅಂಬ್ರೋಸ್.

“ಕುರಿಗೆ. ನಮ್ಮೋರು ಯಾವತ್ತೂ ಕುರಿಗೆ ಬೆನ್ನು ಮಾಡಿದೋರಲ್ಲ. ಗುಡ್ಡದ ಮೇಲೆ ನಾನು ಬುತ್ತಿ ಒಯ್ದ್ರೆ ನನಗೆ ಬೆನ್ನು ಮಾಡಿ ಕೂತು ಉಣ್ಣೋರು. ಮದುವೆಯಾದ ಹೊಸದ್ರಲ್ಲಿ ಅದಕ್ಕೇ ಅತ್ತಿದೀನಿ. ಇದು ಯಾರು ತಿರುಗಿಸಿದ್ದು?”

ಒಲೆಯಲ್ಲಿ ಇದ್ದಿಲು ಕುಸಿಯಿತು. ಅಂಬ್ರೋಸ್‌ಗೆ ಒಂದು ಸುಳ್ಳು ತಾನಾಗಿ ನಾಲಿಗೆಗೆ ಬಂತು. “ಅದು ಚಿತ್ರದ ಅಂದಕ್ಕಮ್ಮ. ಚಿತ್ರಗಾರರು ಹಾಗೆಲ್ಲ ಬದಲಾಯಿಸ್ತೀವಿ. ಇಲ್ಲದ ಮರ ಇಡ್ತೀವಿ, ಇರೋ ಮನೆ ತೆಗೀತೀವಿ.”

“ಹಾಗಾದ್ರೆ ಅವರು ಹೀಗೆ ನಿಂತಿರ್ಲಿಲ್ವಾ?”

“ಇಲ್ಲ.”

ಅವಳು ಉಸಿರು ಬಿಟ್ಟಳು. ಎಷ್ಟು ದೊಡ್ಡ ಉಸಿರೆಂದರೆ ಡಾರ್ಕಸ್ ಓಡಿ ಹೋಗಿ ಅವಳ ಭುಜ ಹಿಡಿದಳು. “ಹಾಗಾದ್ರೆ ಸರಿ ಸ್ವಾಮಿ. ನಾನೇನೇನೋ ನೆನೆಸ್ಕೊಂಡುಬಿಟ್ಟೆ. ಕಾಗದ ತಾನೆ, ಹೇಗಾದ್ರೂ ನಿಂತ್ಕೊಳ್ಳಲಿ. ಉಣ್ಣೆ ಒಂದು ಬರೀರಿ, ನಾನು ಹೊರಡ್ತೀನಿ.”

ಅಲ್ಲಿಗೆ ಎಲ್ಲ ಮುಗಿದುಹೋಗುತ್ತಿತ್ತು. ಅವಳಿಗೂ ಸಮಾಧಾನ, ಅವನಿಗೂ ಸಮಾಧಾನ. ಅಂಬ್ರೋಸ್ ಬಿಳಿ ಬಳಪ ತೆಗೆದುಕೊಂಡು ಚಿತ್ರದ ಮೇಲೆ ಬಗ್ಗಿದ. ಕಂದು ಮನುಷ್ಯನ ಬಲಗೈಯ ಮೇಲೆ ಬಳಪ ಇಟ್ಟ. ಜಾರಿತು. ಪಸೆಯ ಮೇಲೆ ಬಳಪ ಹಿಡಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದದ್ದೇ, ಆದರೂ ಒತ್ತಿದ. ಮತ್ತೆ ಜಾರಿತು. ಪಕ್ಕದ ಹುಲ್ಲಿನ ಮೇಲೆಲ್ಲ ಬಿಳಿ ಬಿತ್ತು, ಕೈಯ ಮೇಲೆ ಮಾತ್ರ ಒಂದು ಚುಕ್ಕೆಯೂ ನಿಲ್ಲಲಿಲ್ಲ. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಅವಳು ಹಿಂದೆ ನಿಂತು ಕಾಯುತ್ತಿದ್ದಳು. ಕಾದು ಕಾದು, ದೊಡ್ಡವರಿಗೆ ತೊಂದರೆ ಕೊಟ್ಟೆನೇನೋ ಎಂಬ ಸಂಕೋಚದಲ್ಲಿ ಮೆಲ್ಲಗೆ ಕೇಳಿದಳು.

“ಆಯ್ತಾ ಸ್ವಾಮಿ?”

ಅಂಬ್ರೋಸ್ ಕೈಯಿಂದ ಬಳಪ ಬಿತ್ತು. ಮೊದಲು ಅವನಿಂದ ಬಂದದ್ದು ಮಾತಲ್ಲ, ಏನೋ ಸದ್ದು. ಡಾರ್ಕಸ್, “ಏನಾಯ್ತೋ ನಿಂಗೆ?” ಎಂದು ಹತ್ತಿರ ಬಂದಳು. ಅವನು ಅಕ್ಕನ ಕೈ ತಳ್ಳಿದ.

“ನಿಂತಿದ್ದರು,” ಎಂದ. “ಹೀಗೇ ನಿಂತಿದ್ದರು. ನಾನೇ ನಿಲ್ಲಿಸಿದ್ದು. ಕುರಿ ಕಡೆ ತಿರುಗ್ತೀನಿ ಅಂದ್ರು, ಬೇಡ ಅಂದೆ. ನಾನು ಹೇಳೋವರೆಗೆ ಅಲ್ಲಾಡಬೇಡ ಅಂದೆ. ಮಂಜು ಬಂತು, ನಾನು ಹೇಳದೆ ಬಂದುಬಿಟ್ಟೆ. ಅವರು ಕೂಗಿದ್ರು. ಮೂರು ಸಲ ಕೂಗಿದ್ರು. ನನಗೆ ಕೇಳಿಸ್ತು.”

ಕೆಜಾಯಾ ಅಲುಗಾಡಲಿಲ್ಲ. “ಏನಂತ ಕೂಗಿದ್ರು?”

“ಆಯ್ತಾ ಸ್ವಾಮಿ ಅಂತ.”

“ನೀವೇನಂದ್ರಿ?”

“ಏನೂ ಅನ್ಲಿಲ್ಲ.”

ಡಾರ್ಕಸ್ ಕುರ್ಚಿಯಲ್ಲಿ ಕೂತುಬಿಟ್ಟಳು. ಕೆಜಾಯಾ ತನ್ನ ಅಂಗೈಯಲ್ಲಿದ್ದ ಉಣ್ಣೆ ನೋಡಿಕೊಂಡಳು. ಅವಳು ಕಿರುಚಾಡಬಹುದಿತ್ತು, ಚಿತ್ರ ಹರಿಯಬಹುದಿತ್ತು. ಅಂಬ್ರೋಸ್ ಅದಕ್ಕಾಗಿ ಕಾದಿದ್ದ, ನಿಜ ಹೇಳಬೇಕೆಂದರೆ ಅದನ್ನೇ ಬಯಸಿದ್ದ. ಅವಳು ಹಾಗೇನೂ ಮಾಡಲಿಲ್ಲ. ಲೆಕ್ಕಾಚಾರದಲ್ಲಿ ಬಿದ್ದವಳಂತೆ ನಿಧಾನವಾಗಿ ಮಾತಾಡಿದಳು.

“ಕುರಿಗೋಸ್ಕರ ಚರ್ಚು ಬಿಟ್ಟೋರ ಕೈಗೆ ಉಣ್ಣೆ ಕೊಟ್ಟು ಕಳಿಸ್ತೀವಿ. ನಿಮ್ಮ ಮಾತಿಗೋಸ್ಕರ ಕುರಿ ಬಿಟ್ಟೋರ ಕೈಗೆ ಏನು ಕೊಟ್ಟು ಕಳಿಸೋದು ಸ್ವಾಮಿ?”

ಅವನು ಬಗ್ಗಿ ನೆಲದ ಮೇಲಿನ ಬಳಪ ಎತ್ತಿಕೊಂಡ.

“ಇದಕ್ಕೆ ಉಣ್ಣೆ ಸಾಲಲ್ಲ,” ಎಂದು ಅವಳೇ ಅದನ್ನು ಮತ್ತೆ ಮಡಿಲಿಗೆ ಸೇರಿಸಿದಳು. “ಇದಕ್ಕೆ ಬಾಯಿ ಬೇಕು. ಅವರ ಬಾಯಿ ಸಮುದ್ರದಲ್ಲಿದೆ. ನಿಮ್ಮದು ಇಲ್ಲೇ ಇದೆ. ಭಾನುವಾರ ಚರ್ಚಿನಲ್ಲಿ, ಎಲ್ಲರ ಎದುರಿಗೆ, ಹೇಳ್ತೀರಾ?”

“ಹೇಳ್ತೀನಿ.”

“ನೆಗಡಿ ಬರಲ್ವಾ?” ಎಂದಳು ಡಾರ್ಕಸ್. ಅವಳು ಅಳುತ್ತಿದ್ದಳು.

ಬುಧವಾರ ಅವನು ಪಾದ್ರಿಯನ್ನು ಕಂಡ. ಪಾದ್ರಿಗೆ ಇದು ಬೇಕಿರಲಿಲ್ಲ. “ಸತ್ತವನು ಸತ್ತ ವೆರಲ್, ನೀವು ಬದುಕಿದ್ದೀರಿ. ಸರ್ ಗಾಡ್‌ಫ್ರೆ ಮುಂದಿನ ಸಾಲಿನಲ್ಲೇ ಕೂತಿರ್ತಾರೆ. ಅವರ ಚಿತ್ರಕ್ಕೋಸ್ಕರ ಅವರ ಗೇಣಿದಾರನ ಕುರಿ ಹೋಯ್ತು ಅಂತ ಊರಿಗೇ ಸಾರಬೇಕಾ? ಆಮೇಲೆ ಆ ಮನೆಗೆ ನಿಮ್ಮನ್ನ ಯಾರು ಸೇರಿಸ್ತಾರೆ?” ಅಂಬ್ರೋಸ್ ಇದನ್ನೆಲ್ಲ ತಾನೇ ಯೋಚಿಸಿದ್ದ, ಪಾದ್ರಿಗಿಂತ ಚೆನ್ನಾಗಿ ಯೋಚಿಸಿದ್ದ. ಗುರುವಾರ ಗಂಟಲು ಕೆರೆಯಿತು. ಶುಕ್ರವಾರ ತಲೆ ಭಾರವಾಯಿತು. ಶನಿವಾರ ಡಾರ್ಕಸ್ ಕಷಾಯ ಕುಡಿಸಲು ಬಂದಾಗ ಅವನು ಲೋಟವನ್ನು ಪಕ್ಕಕ್ಕೆ ಸರಿಸಿ, “ಇದು ಕಾಯಿಲೆ ಅಲ್ಲ ಅಕ್ಕ,” ಎಂದ. “ನಂಗೊತ್ತು ಕಣೋ, ಚಿಕ್ಕಂದಿನಿಂದ ಗೊತ್ತು,” ಎಂದಳು ಆಕೆ. ಅವನು ಚಿತ್ರದ ಮೇಲಿನ ಬಟ್ಟೆ ತೆಗೆದುಹಾಕಿದ. ಅವನಿದ್ದ ಕೋಣೆಯಲ್ಲಿ ರೂಬೆನ್ ಇಡೀ ದಿನ ಬೆನ್ನು ತೋರಿಸಿ ನಿಂತಿದ್ದ.

ಭಾನುವಾರ ಉಪದೇಶ ಮುಗಿದ ಮೇಲೆ ಅಂಬ್ರೋಸ್ ಎದ್ದು ನಿಂತ. ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಸರ್ ಗಾಡ್‌ಫ್ರೆಯ ಬೋಳು ನೆತ್ತಿ, ಅದರ ಪಕ್ಕದಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳ ಹೊಸ ಟೋಪಿಗಳು. ತೀರ ಹಿಂದೆ, ಬಾಗಿಲಿನ ಬಳಿಯ ಕೊನೆಯ ಬೆಂಚಿನಲ್ಲಿ ಕೆಜಾಯಾ ಒಬ್ಬಳೇ ಕೂತಿದ್ದಳು. ಅದು ಕುರಿಗಾಹಿಗಳ ಬೆಂಚು, ಸಾಮಾನ್ಯವಾಗಿ ಖಾಲಿ ಇರುವಂಥದ್ದು. ಅವಳು ನಡುವೆ ಕೂರದೆ ಒಂದು ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದಳು.

“ರೂಬೆನ್ ಟಪ್ಪನ್ ಅವತ್ತು ಕುಡಿದಿರಲಿಲ್ಲ,” ಎಂದ ಅಂಬ್ರೋಸ್. ದನಿ ಗಂಟಲಲ್ಲೇ ಅರ್ಧ ಉಳಿಯಿತು. “ಚಿತ್ರಕ್ಕೋಸ್ಕರ ನಾನು ಅವರನ್ನ ಕುರಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಮಂಜು ಬಂದಾಗ ಅವರಿಗೆ ಹೇಳದೆ ಇಳಿದು ಬಂದೆ. ಅವರು ಕರೆದಿದ್ದು ಕೇಳಿಸಿತು, ಉತ್ತರ ಕೊಡಲಿಲ್ಲ.”

ಸರ್ ಗಾಡ್‌ಫ್ರೆ ತಿರುಗಿ ನೋಡಲೂ ಇಲ್ಲ, ಅವನ ಕತ್ತು ಮಾತ್ರ ಕೆಂಪಾಯಿತು. ಅಂಬ್ರೋಸ್ ಕೂರಲು ಹೋದ. ಆಗ ಹಿಂದಿನಿಂದ ಕೆಜಾಯಾಳ ದನಿ ಬಂತು.

“ಇನ್ನೊಂದ್ಸಲ ಹೇಳಿ ಸ್ವಾಮಿ. ಹಿಂದಕ್ಕೆ ಕೇಳಿಸ್ಲಿಲ್ಲ.”

ಪಾದ್ರಿ ಕೈ ಎತ್ತಿದ. ಅಂಬ್ರೋಸ್ ಅವನ ಕಡೆ ನೋಡದೆ ಬಾಗಿಲಿನ ಕಡೆಗೆ ತಿರುಗಿದ, ಮತ್ತೆ ಹೇಳಿದ. ಈ ಸಲ ಮಾತು ನಡುವಿನ ಬೆಂಚುಗಳವರೆಗೆ ಹೋಯಿತು. ಕುರಿಯ ಒಡೆಯ ಬಾಯಿ ತೆರೆದು ಕೂತಿದ್ದ. ಬಾವಿಕಟ್ಟೆಯ ಹೆಂಗಸರು ತಲೆ ತಗ್ಗಿಸಿದ್ದರು.

ಕೆಜಾಯಾ ಪಕ್ಕದ ಖಾಲಿ ಜಾಗದ ಕಡೆ ಸ್ವಲ್ಪ ವಾಲಿದಳು, ಕಿವಿ ಮಂದವಾದ ಗಂಡನ ಕಡೆ ಹೆಂಡತಿ ವಾಲುವ ಹಾಗೆ. ಆಮೇಲೆ ತಲೆ ಎತ್ತಿದಳು.

“ಇನ್ನೂ ಕೇಳಿಸ್ಲಿಲ್ವಂತೆ.”

ಮೂರನೆಯ ಸಲ ಅವನು ಹೇಳಲಿಲ್ಲ, ಕೂಗಿದ. ಗುಡ್ಡದ ಇಳಿಜಾರಿನಲ್ಲಿ ನಿಂತು ಮೇಲಿನವರಿಗೆ ಕೂಗುವವನ ಹಾಗೆ, ಕತ್ತಿನ ನರ ಉಬ್ಬಿಸಿ, ಎರಡು ಕೈಯನ್ನೂ ಬಾಯಿಗೆ ಹಿಡಿದು ಒಂದೊಂದು ಮಾತನ್ನೂ ಕೂಗಿದ. ಕುಡಿದಿರಲಿಲ್ಲ ಎಂದು ಕೂಗಿದ, ನಾನೇ ನಿಲ್ಲಿಸಿದ್ದು ಎಂದು ಕೂಗಿದ, ಕೇಳಿಸಿತು ಎಂದು ಕೂಗಿದ. ಗೋಪುರದ ಕಾಗೆಗಳು ಎದ್ದು ಹಾರಿದವು. ಮುಂದಿನ ಸಾಲಿನಲ್ಲಿ ಕಿರಿಯ ಮಗಳು ಅಳಲು ಶುರು ಮಾಡಿದಳು. ಅವನು ನಿಲ್ಲಿಸಿದಾಗ ಗೋಡೆಗಳಲ್ಲಿ ಅವನ ದನಿ ಇನ್ನೂ ಓಡಾಡುತ್ತಿತ್ತು.

ಕೆಜಾಯಾ ಪಕ್ಕದ ಖಾಲಿ ಜಾಗದ ಕಡೆ ನೋಡಿ, “ಆಯ್ತು, ನಡೀರಿ,” ಎಂದಳು. ಆಮೇಲೆ ಎದ್ದು ಹೋಗಿ ಚರ್ಚಿನ ಭಾರದ ಬಾಗಿಲನ್ನು ಎಳೆದಳು. ಅದನ್ನು ಒಬ್ಬರು ದಾಟಿ ಹೋಗುವಷ್ಟು ಹೊತ್ತು ಹಿಡಿದು ನಿಂತಿದ್ದು, ಅವರ ಹಿಂದೆ ತಾನೂ ಹೊರಗೆ ಹೋದಳು.